ದಾವಣಗೆರೆಯ ಲೇಸರ್ ಕ್ಲಿನಿಕ್ಕುಗಳು: ಸ್ಕ್ರೀನಿನ ಅಂಕಿ ಕೇಳಿಕೊಂಡೇ ದುಡ್ಡು ಕೊಡಿ

ಪಿ.ಜೆ. ಬಡಾವಣೆ, ವಿದ್ಯಾನಗರ, ಎಂ.ಸಿ.ಸಿ. ಬ್ಲಾಕು, ಹದಡಿ ರಸ್ತೆ, ಎಲ್ಲಿ ಹೋದರೂ ಸ್ಕಿನ್ ಕ್ಲಿನಿಕ್ಕಿನ ಬೋರ್ಡು, ಅದರಡಿ ‘ಲೇಸರ್‌ನಿಂದ ಬೇಡದ ಕೂದಲಿಗೆ ಶಾಶ್ವತ ಪರಿಹಾರ’ ಅಂತ ಒಂದು ಸಾಲು. ಅಮೆರಿಕದ ಔಷಧ, ವೈದ್ಯಕೀಯ ಉಪಕರಣ ನಿಯಂತ್ರಣ ಸಂಸ್ಥೆ ಎಫ್‌ಡಿಎ ಈ ಯಂತ್ರಗಳಿಗೆ ಒಪ್ಪಿಗೆ ಕೊಟ್ಟಿರುವುದು ಕೂದಲನ್ನು ದೀರ್ಘಕಾಲ ಕಡಿಮೆ ಮಾಡುವುದಕ್ಕೆ, ಒಂದೂ ಉಳಿಯದಂತೆ ಮಾಡುವುದಕ್ಕಲ್ಲ. ಆರರಿಂದ ಎಂಟು ಸಿಟ್ಟಿಂಗ್ ಸರಿಯಾಗಿ ಆದರೆ ಕಂಕುಳು, ಕಾಲಿನಂಥ ಜಾಗದಲ್ಲಿ ಕೂದಲು ಬಹುಪಾಲು ಹೋಗುತ್ತದೆ. ಉಳಿದದ್ದು ತೆಳ್ಳಗಾಗಿ, ಬಣ್ಣ ಕಳೆದುಕೊಂಡು, ನಿಧಾನಕ್ಕೆ ಬರುತ್ತದೆ. ಗದ್ದ, ಮೇಲ್ತುಟಿಯದು ಬೇರೆ ಕಥೆ, ಅದು ಮುಂದೆ ಬರುತ್ತದೆ. ಬಿಳಿ ಕೂದಲು, ಕೆಂಚು ಕೂದಲು, ಎಳೆಯ ನವಿರು ಇವಕ್ಕೆ ಲೇಸರ್ ನಾಟುವುದಿಲ್ಲ. ‘ಬಿಳಿ ಕೂದಲೂ ಹೋಗುತ್ತೆ ಮೇಡಂ’ ಅಂದರೆ ಅಲ್ಲಿಂದಲೇ ಎದ್ದು ಬನ್ನಿ.

ಕಾರಣ ಸರಳ. ಬೆಳಕು ಹುಡುಕುವುದು ಮೆಲನಿನ್ ಎಂಬ ಕಪ್ಪು ಬಣ್ಣವನ್ನು. ಅದು ಕೂದಲಿನಲ್ಲಿ ಕಾಯ್ದು, ಆ ಶಾಖ ಬುಡಕ್ಕೆ ತಗುಲಿ ಬುಡ ಕೆಡಬೇಕು, ಸುತ್ತಲಿನ ಚರ್ಮಕ್ಕೆ ಏನೂ ಆಗಬಾರದು. ಇದರ ಲೆಕ್ಕಾಚಾರವನ್ನು 1983ರಲ್ಲಿ ಆಂಡರ್ಸನ್ ಮತ್ತು ಪ್ಯಾರಿಷ್ ಎಂಬಿಬ್ಬರು ಬರೆದಿಟ್ಟರು, ಇವತ್ತಿಗೂ ಎಲ್ಲ ಯಂತ್ರಗಳು ಅದೇ ತತ್ವದ ಮೇಲೆ ನಡೆಯುತ್ತವೆ. ತೊಡಕೆಂದರೆ ನಮ್ಮ ಕಡೆಯವರ ಚರ್ಮದಲ್ಲೂ ಮೆಲನಿನ್ ಧಾರಾಳ. ಫಿಟ್ಜ್‌ಪ್ಯಾಟ್ರಿಕ್ ಮಾಪಕದಲ್ಲಿ (ಚರ್ಮದ ಬಣ್ಣವನ್ನು ಬಿಳಿಯ 1ರಿಂದ ಕಡುಗಪ್ಪಿನ 6ರವರೆಗೆ ವಿಂಗಡಿಸುವುದು) ನಾವು ಹೆಚ್ಚಿನವರು 4 ಅಥವಾ 5ನೇ ಬಗೆ. ಬಿಳಿಯರ ಚರ್ಮಕ್ಕೆಂದು ಬರೆದ ಸೆಟ್ಟಿಂಗನ್ನು ಹಾಗೇ ಹಾಕಿದರೆ ಕೂದಲಿಗಿಂತ ಮೊದಲು ಚರ್ಮ ಸುಡುತ್ತದೆ. ಹಾಗಾಗಿ ಒಂದು ಕ್ಲಿನಿಕ್ಕನ್ನು ತೂಗಬೇಕಾದ್ದು ಯಂತ್ರದ ಕಂಪನಿ ಹೆಸರಿನಿಂದಲ್ಲ. ಅಂಕಿ ಇಡುವವರು ಯಾರು, ಚರ್ಮ ನೋಡಿ ಅದನ್ನು ಬದಲಿಸುತ್ತಾರೋ ಇಲ್ಲವೋ, ಅದರಿಂದ.

ಯಾವ ಯಂತ್ರ ಇದೆ ಅಂತ ಕೇಳುವಾಗ

ಕೂದಲಿಗೆ ಬಳಸುವ ಲೇಸರ್‌ಗಳಲ್ಲಿ ನಮಗೆ ಬೇಕಾದವು ಎರಡೇ: 808 ಅಥವಾ 810 ನ್ಯಾನೊಮೀಟರ್ ತರಂಗಾಂತರದ ಡಯೋಡ್, 1064 ನ್ಯಾನೊಮೀಟರಿನ, ಬೆಳಕು ತುಸು ಹೊತ್ತು ನಿಲ್ಲುವ ಲಾಂಗ್ ಪಲ್ಸ್ ಎನ್‌ಡಿ-ಯಾಗ್. ತರಂಗಾಂತರ ಹೆಚ್ಚಿದಷ್ಟೂ ಮೇಲ್ಚರ್ಮದ ಮೆಲನಿನ್ ಕಡಿಮೆ ಹೀರುತ್ತದೆ, ಬೆಳಕು ಆಳಕ್ಕೆ ಇಳಿಯುತ್ತದೆ. ಆದ್ದರಿಂದ ಕಡುಗಪ್ಪು ಮೈಬಣ್ಣಕ್ಕೆ 1064 ಹೆಚ್ಚು ಸುರಕ್ಷಿತ. ಆದರೆ ನೋವು ಜಾಸ್ತಿ, ತೆಳು ಕೂದಲಿಗೆ ಫಲ ಕಮ್ಮಿ. ನಡುವಿನ ಬಣ್ಣದವರಿಗೆ ಡಯೋಡ್ ಸಾಕು. 755ರ ಅಲೆಕ್ಸಾಂಡ್ರೈಟ್ ಲೇಸರ್ ಬಿಳಿ ಚರ್ಮಕ್ಕೆ ಒಳ್ಳೆಯದು, ನಮ್ಮೂರ ಬಿಸಿಲಿಗೆ ಕಂದಿದ ಚರ್ಮಕ್ಕೆ ಬೇಡ.

ಮೋಸ ಆಗುವುದು ಮೂರು ಕಡೆ. ‘ನಮ್ಮಲ್ಲಿ ಯಾಗ್ ಇದೆ’ ಅನ್ನುವ ಎಷ್ಟೋ ಕಡೆ ಇರುವುದು ಕ್ಯೂ-ಸ್ವಿಚ್ಡ್ ಯಾಗ್. ಅದು ಹಚ್ಚೆ ತೆಗೆಯಲು, ಕಲೆಗೆ, ‘ಕಾರ್ಬನ್ ಪೀಲ್’ಗೆ ಬಳಸುವಂಥದ್ದು. ಅದರ ಬೆಳಕು ನ್ಯಾನೊಸೆಕೆಂಡಿನಲ್ಲಿ ಮುಗಿದುಹೋಗುತ್ತದೆ, ಕೂದಲ ಬುಡ ಕಾಯುವಷ್ಟು ಹೊತ್ತು ನಿಲ್ಲುವುದಿಲ್ಲ. ‘ಲಾಂಗ್ ಪಲ್ಸಾ, ಕ್ಯೂ-ಸ್ವಿಚ್ಚಾ?’ ಅಂತ ಬಾಯಿಬಿಟ್ಟು ಕೇಳಿ. ಎರಡನೆಯದು ಐಪಿಎಲ್. ಇದು ಲೇಸರೇ ಅಲ್ಲ, ಫಿಲ್ಟರ್ ಹಾಕಿದ ಫ್ಲ್ಯಾಷ್ ದೀಪ. ಹಲವು ಬಣ್ಣದ ಬೆಳಕು ಒಟ್ಟಿಗೆ ಬರುವುದರಿಂದ ಕಪ್ಪು ಚರ್ಮದಲ್ಲಿ ಸುಡುವ ಸಾಧ್ಯತೆ ಹೆಚ್ಚು. ಪಾರ್ಲರುಗಳಲ್ಲಿ ‘ಎಸ್‌ಎಚ್‌ಆರ್ ಲೇಸರ್’ ಅಂತ ಸ್ಟಿಕ್ಕರ್ ಅಂಟಿಸಿದವುಗಳಲ್ಲಿ ಇದೂ ಇರುತ್ತದೆ. ಗುರುತು ಹಿಡಿಯುವುದು ಕಷ್ಟವಲ್ಲ: ಕನ್ನಡಕ ಹಾಕಿ ಕಣ್ಣು ಮುಚ್ಚಿದ್ದರೂ ಪ್ರತಿ ಹೊಡೆತಕ್ಕೂ ಫೋಟೊ ತೆಗೆದಂತೆ ಬೆಳ್ಳನೆ ಬೆಳಕು ಹೊಳೆದರೆ ಅದು ಐಪಿಎಲ್. ಡಯೋಡಿನ ಬೆಳಕು ಅವಕೆಂಪು, ಕಣ್ಣಿಗೆ ಹೆಚ್ಚೆಂದರೆ ಮಬ್ಬು ಕೆಂಪು ಕಾಣಬಹುದು. ಮೂರನೆಯದು ‘ಟ್ರಿಪಲ್ ವೇವ್‌ಲೆಂಗ್ತ್’. 755, 808, 1064 ಮೂರನ್ನೂ ಒಂದೇ ಹ್ಯಾಂಡ್‌ಪೀಸಿನಲ್ಲಿ ಬೆರೆಸಿರುತ್ತಾರೆ. ಕೆಟ್ಟ ಯಂತ್ರ ಅಂತಲ್ಲ, ಆದರೆ ಅದರಲ್ಲಿ 755ರ ಪಾಲೂ ನಿಮ್ಮ ಚರ್ಮಕ್ಕೆ ಬೀಳುತ್ತದೆ. ಮೂರಿದೆ ಅಂತ ಮೂರು ಪಟ್ಟು ಫಲ ಬರುವುದಿಲ್ಲ.

ಸ್ಕ್ರೀನಿನ ಮೇಲೆ ‘ಲೆವೆಲ್ 1ರಿಂದ 10’ ಅಂತ ಮಾತ್ರ ತೋರಿಸಿ ಜೂಲ್ (ಬೆಳಕಿನ ಶಕ್ತಿಯ ಅಳತೆ) ತೋರಿಸದ ಯಂತ್ರ ಬೇಡವೇ ಬೇಡ. ವ್ಯಾಟ್ ಲೆಕ್ಕದ ಜಾಹೀರಾತಿಗೂ ಮರುಳಾಗಬೇಡಿ. ‘2000 ವ್ಯಾಟ್’ ಅಂದರೆ ಅಷ್ಟೇ ಶಕ್ತಿಯನ್ನು ಇನ್ನಷ್ಟು ಬೇಗ ಸುರಿಯಬಲ್ಲದು ಎಂದರ್ಥ. ನಮ್ಮ ಚರ್ಮಕ್ಕೆ ಬೇಕಿರುವುದು ನಿಧಾನವಾಗಿ ಸುರಿಯುವುದು.

ಅಂಕಿಗಳು

ನಾಲ್ಕು ಅಂಕಿ ತಿಳಿದರೆ ಸಾಕು: ಚದರ ಸೆಂಟಿಮೀಟರಿಗೆ ಎಷ್ಟು ಜೂಲ್, ಪಲ್ಸ್ (ಒಂದು ಹೊಡೆತದ ಬೆಳಕು ನಿಲ್ಲುವ ಹೊತ್ತು) ಎಷ್ಟು ಮಿಲಿಸೆಕೆಂಡು, ಸ್ಪಾಟ್ (ಒಂದು ಹೊಡೆತ ಬೀಳುವ ಜಾಗ) ಎಷ್ಟು ಮಿಲಿಮೀಟರು, ಚರ್ಮಕ್ಕೆ ಒತ್ತುವ ತುದಿಯ ತಂಪು ಎಷ್ಟು ಡಿಗ್ರಿ.

ಒಂದೊಂದೇ ಜಾಗಕ್ಕೆ ಒತ್ತಿ ಹೊಡೆಯುವ ಡಯೋಡಿನಲ್ಲಿ, 12×12 ಮಿ.ಮೀ. ಆಸುಪಾಸಿನ ಸ್ಪಾಟ್ ಇದ್ದರೆ, 5ನೇ ಬಗೆಯ ಚರ್ಮದ ಕಂಕುಳಿಗೆ ಮೊದಲ ಸಿಟ್ಟಿಂಗ್ 10ರಿಂದ 14 ಜೂಲ್, 4ನೇ ಬಗೆಗೆ 14ರಿಂದ 18 ಜೂಲ್ ಹೊಣೆಯರಿತ ಆರಂಭ. ಪಲ್ಸ್ 30 ಮಿಲಿಸೆಕೆಂಡಿಗಿಂತ ಕಡಿಮೆ ಬೇಡ, ಕಪ್ಪು ಹೆಚ್ಚಿದಂತೆ 100ರವರೆಗೂ ಹೋಗಬಹುದು. ಲಾಂಗ್ ಪಲ್ಸ್ ಯಾಗ್‌ನಲ್ಲಿ 12ರಿಂದ 15 ಮಿ.ಮೀ. ಸ್ಪಾಟಿಗೆ 20ರಿಂದ 35 ಜೂಲ್, 20ರಿಂದ 40 ಮಿಲಿಸೆಕೆಂಡ್. ಯಾಗ್‌ನಲ್ಲಿ ಜೂಲ್ ಜಾಸ್ತಿ ಕಂಡರೆ ಗಾಬರಿ ಬೇಡ, ಮೆಲನಿನ್ ಅದನ್ನು ಹೀರುವುದೇ ಕಡಿಮೆ. ಇವು ವೈದ್ಯರನ್ನು ಪ್ರಶ್ನೆ ಕೇಳಲು ಬೇಕಾದ ಅಂಕಿ, ವೈದ್ಯರ ಬದಲಿಗೆ ಬಳಸುವಂಥವಲ್ಲ. ಸ್ಪಾಟ್ ದೊಡ್ಡದಾದಷ್ಟೂ ಬೆಳಕು ಚದುರಿ ಕಳೆದುಹೋಗುವುದು ಕಡಿಮೆ, ಆಳಕ್ಕಿಳಿಯುತ್ತದೆ, ಹಾಗಾಗಿ ಸಣ್ಣ ಸ್ಪಾಟಿನ 16 ಜೂಲೂ ದೊಡ್ಡ ಸ್ಪಾಟಿನ 16 ಜೂಲೂ ಒಂದೇ ಅಲ್ಲ. ಬೇರೆ ಕ್ಲಿನಿಕ್ಕಿನ ಅಂಕಿಯನ್ನು ಇಲ್ಲಿನ ಯಂತ್ರಕ್ಕೆ ನೇರ ಹಾಕಿಸಿಕೊಳ್ಳಬೇಡಿ.

ಪಲ್ಸ್ ಉದ್ದ ಯಾಕೆ ಮುಖ್ಯ? ಸಣ್ಣ ಕಡ್ಡಿ ಬೇಗ ಕಾದು ಬೇಗ ಆರುತ್ತದೆ, ದಪ್ಪ ಕೊರಡು ಕಾದರೆ ಆರುವುದಕ್ಕೆ ಹೊತ್ತು ಬೇಕು. ಮೇಲ್ಚರ್ಮ ಕೆಲವೇ ಮಿಲಿಸೆಕೆಂಡುಗಳಲ್ಲಿ ಶಾಖ ಬಿಟ್ಟುಕೊಡುತ್ತದೆ, ದಪ್ಪ ಕೂದಲ ಬುಡಕ್ಕೆ ಹತ್ತಾರು ಮಿಲಿಸೆಕೆಂಡು ಬೇಕು. ಅಷ್ಟೇ ಶಕ್ತಿಯನ್ನು 5 ಮಿಲಿಸೆಕೆಂಡಿನಲ್ಲಿ ಹಾಕಿದರೆ ಚರ್ಮಕ್ಕೆ ಆರಲು ಪುರುಸೊತ್ತೇ ಸಿಗದೆ ಬೊಬ್ಬೆ ಏಳುತ್ತದೆ. 40ರಲ್ಲಿ ಹಾಕಿದರೆ ತಂಪು ತುದಿಯ ಅಡಿಯಲ್ಲಿ ಚರ್ಮ ಆರುತ್ತಲೇ ಇರುತ್ತದೆ, ಕೂದಲು ಮಾತ್ರ ಕಾಯುತ್ತದೆ.

ಸಿಟ್ಟಿಂಗ್ ಮುಂದುವರಿದಂತೆ ಅಂಕಿ ಬದಲಾಗಲೇಬೇಕು. ಮೊದಲಿಗೆ ಕೂದಲು ದಪ್ಪ, ಒತ್ತೊತ್ತು. ಅವು ಹೀರುವ ಶಾಖವೇ ಹೆಚ್ಚಾದ್ದರಿಂದ ಕಡಿಮೆಯಿಂದ ಶುರು ಮಾಡುತ್ತಾರೆ. ಮೂರು-ನಾಲ್ಕು ಸಿಟ್ಟಿಂಗ್ ಕಳೆದು ಕೂದಲು ತೆಳುವಾದಾಗ ಜೂಲನ್ನು ಸಲಕ್ಕೆ ಶೇ 10ರ ಆಸುಪಾಸು ಏರಿಸಬೇಕು, ಪಲ್ಸನ್ನು ಸ್ವಲ್ಪ ಇಳಿಸಬೇಕು. ಆರೂ ಸಿಟ್ಟಿಂಗಿಗೆ ಒಂದೇ ಅಂಕಿ ಇಟ್ಟಿದ್ದರೆ ಯಾರೂ ನಿಮ್ಮ ಚರ್ಮ ನೋಡಿಲ್ಲ ಅಂತ ಅರ್ಥ. ‘ಮೊದಲೆರಡು ಸಲ ಚೆನ್ನಾಗಿ ಹೋಯಿತು, ಆಮೇಲೆ ನಿಂತೇಹೋಯಿತು’ ಎಂಬ ದೂರಿನ ಹಿಂದೆ ಬಹಳ ಸಲ ಇದೇ ಇರುತ್ತದೆ.

ಎಸ್‌ಎಚ್‌ಆರ್ ಅಥವಾ ಸರಿಸುತ್ತಾ ಹೊಡೆಯುವ ಬಗೆಯಲ್ಲಿ ಅಂಕಿ 5ರಿಂದ 10 ಜೂಲ್ ಅಷ್ಟೇ ಇರುತ್ತದೆ. ಸೆಕೆಂಡಿಗೆ 10 ಹೊಡೆತದಂತೆ ಅದೇ ಜಾಗದ ಮೇಲೆ ಹಲವು ಸಲ ಓಡಿಸಿ ಶಾಖ ಸೇರಿಸುತ್ತಾರೆ. ನೋವು ಕಡಿಮೆ, ಬೆನ್ನು-ಕಾಲಿನಂಥ ಅಗಲ ಜಾಗಕ್ಕೆ ಅನುಕೂಲ. ಆದರೆ ಫಲವೆಲ್ಲ ಕೈಯ ವೇಗದ ಮೇಲೆ ನಿಂತಿದೆ. ಬೇಗ ಬೇಗ ಎಳೆದರೆ ಬಿಸಿ ತಗುಲಿದ್ದಷ್ಟೇ ಲಾಭ, ಒಂದೇ ಕಡೆ ನಿಲ್ಲಿಸಿದರೆ ಸುಟ್ಟಿತು. ‘ಏನೂ ನೋವೇ ಇಲ್ಲ’ ಅಂತ ಹೆಮ್ಮೆಪಡುವ ಕ್ಲಿನಿಕ್ಕಿನ ಬಗ್ಗೆ ನಮಗೆ ಅನುಮಾನವೇ ಹೆಚ್ಚು. ಕಂಕುಳಿನ ದಪ್ಪ ಕೂದಲಿಗೆ ರಬ್ಬರ್ ಬ್ಯಾಂಡ್ ಚಟ್ ಅಂತ ಬಡಿದಷ್ಟು ನೋವಾದರೂ ಆಗಬೇಕು.

ತಂಪು ನಿಂತರೆ ಯಂತ್ರವೂ ನಿಲ್ಲಬೇಕು. ನೀಲಮಣಿಯ ತುದಿ 0ರಿಂದ 5 ಡಿಗ್ರಿಯಲ್ಲಿ ಚರ್ಮಕ್ಕೆ ಒತ್ತಿಕೊಂಡಿರಬೇಕು. ಬೇಸಿಗೆಯಲ್ಲಿ ಕರೆಂಟು ಹೋಗಿ ಯುಪಿಎಸ್‌ಗೆ ಬಂದಾಗ ಎಸಿ ಸಾಮಾನ್ಯವಾಗಿ ಅದರ ಮೇಲೆ ಇರುವುದಿಲ್ಲ, ಕೋಣೆ ಕಾಯುತ್ತದೆ, ಒಳಗಿನ ನೀರಿನ ಚಿಲ್ಲರ್ ಸೋಲುತ್ತದೆ. ‘ಇನ್ನು ನಾಲ್ಕೇ ಶಾಟ್’ ಅಂತ ಮುಂದುವರಿಸಲು ಬಿಡಬೇಡಿ. ತುದಿಗೆ ಸುಟ್ಟ ಕೂದಲ ಕರಿ ಅಂಟಿದ್ದರೆ ಆ ಕರಿಯೇ ಕಾದು ಚರ್ಮಕ್ಕೆ ಬರೆ ಹಾಕುತ್ತದೆ. ಆಗಾಗ ಒರೆಸುತ್ತಾರೋ ನೋಡಿ. ಜೆಲ್ ಬಣ್ಣವಿಲ್ಲದ್ದು, ತೆಳುವಾಗಿ ಹಚ್ಚಿದ್ದು ಆಗಿರಬೇಕು. ಹ್ಯಾಂಡ್‌ಪೀಸಿಗೂ ಆಯುಸ್ಸು ಇದೆ. ಲಕ್ಷಾಂತರ, ಕೋಟಿಗಟ್ಟಲೆ ಶಾಟ್ ಹೊಡೆದ ಮೇಲೆ ಸ್ಕ್ರೀನಿನಲ್ಲಿ 14 ಅಂತ ಇದ್ದರೂ ಹೊರಗೆ ಬರುವುದು ಅಷ್ಟು ಇರುವುದಿಲ್ಲ. ಕೊನೆಯ ಸರ್ವೀಸು, ಕ್ಯಾಲಿಬ್ರೇಶನ್ ಯಾವಾಗ ಆಯಿತು ಎಂಬ ಪ್ರಶ್ನೆಗೆ ತಾರೀಖು ಹೇಳುವ ಕ್ಲಿನಿಕ್ಕಿಗೆ ನಾವು ಒಂದು ಅಂಕ ಹೆಚ್ಚು ಕೊಡುತ್ತೇವೆ.

ಎಲ್ಲಿ ಮಾಡಿಸುವುದು

ಚರ್ಮರೋಗ ತಜ್ಞರೇ ನಡೆಸುವ ಕ್ಲಿನಿಕ್ಕು ನಮ್ಮ ಮೊದಲ ಆಯ್ಕೆ. ಎಂ.ಡಿ. ಅಥವಾ ಡಿ.ಎನ್.ಬಿ. ಚರ್ಮರೋಗ, ಇಲ್ಲವೇ ಚರ್ಮರೋಗದ ಡಿಪ್ಲೊಮಾ ಡಿ.ಡಿ.ವಿ.ಎಲ್. ಆಗಿರಬೇಕು. ‘ಕಾಸ್ಮೆಟಾಲಜಿ’ ಸರ್ಟಿಫಿಕೇಟು ಅದಕ್ಕೆ ಸಮವಲ್ಲ. ಗೋಡೆಯ ಮೇಲೆ ಕೆಪಿಎಂಇ (ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ) ನೋಂದಣಿ ಪತ್ರ ತೂಗುಹಾಕಿರಬೇಕು, ವೈದ್ಯರ ಕೆಎಂಸಿ (ಕರ್ನಾಟಕ ವೈದ್ಯಕೀಯ ಪರಿಷತ್ತು) ನಂಬರ್ ಚೀಟಿಯಲ್ಲಿರಬೇಕು. ಇಲ್ಲಿನ ಕೊರತೆ: ಮೊದಲ ದಿನ ಡಾಕ್ಟರು ನೋಡುತ್ತಾರೆ, ಎರಡನೇ ಸಿಟ್ಟಿಂಗಿನಿಂದ ಹುಡುಗಿಯೊಬ್ಬಳೇ ಎಲ್ಲ ಮಾಡುತ್ತಾಳೆ. ಕೈ ಯಾರದೇ ಇರಲಿ, ಅಂಕಿ ಇಡುವ ಮುನ್ನ ಪ್ರತಿ ಸಲ ಡಾಕ್ಟರು ಒಂದು ನಿಮಿಷ ಜಾಗ ನೋಡಬೇಕು ಅಂತ ಮೊದಲೇ ಮಾತಾಡಿಕೊಳ್ಳಿ.

ದೊಡ್ಡ ಊರಿನ ಚೈನುಗಳ ಶಾಖೆಗಳಲ್ಲಿ ಯಂತ್ರ ಸಾಮಾನ್ಯವಾಗಿ ಒಳ್ಳೆಯದು, ದಾಖಲೆ ಕಂಪ್ಯೂಟರಿನಲ್ಲಿರುತ್ತದೆ. ಅಲ್ಲಿನ ಕಾಟ ಪ್ಯಾಕೇಜು: ಕಂಕುಳಿಗೆ ಬಂದವರಿಗೆ ಇಡೀ ಮೈ ಮಾರುವುದು, ನಾಲ್ಕು ವಾರಕ್ಕೊಮ್ಮೆ ಕರೆಯುವುದು, ಸಿಬ್ಬಂದಿ ಬದಲಾಗುತ್ತಲೇ ಇರುವುದು. ಪಾರ್ಲರಿನಲ್ಲಿ ಮಾಡಿಸಲೇಬೇಡಿ, ಎಷ್ಟು ಅಗ್ಗವಾದರೂ. ಥ್ರೆಡ್ಡಿಂಗ್ ಚೆನ್ನಾಗಿ ಮಾಡುವ ಕೈಗೆ ಬೊಬ್ಬೆ ಬಂದಾಗ ಔಷಧಿ ಬರೆಯಲು ಬರುವುದಿಲ್ಲ.

ಜೆ.ಜೆ.ಎಂ. ಮತ್ತು ಎಸ್.ಎಸ್. ವೈದ್ಯಕೀಯ ಕಾಲೇಜುಗಳ ಚರ್ಮರೋಗ ಓಪಿಡಿಯನ್ನು ಜನ ಲೇಸರ್ ವಿಷಯದಲ್ಲಿ ನೆನೆಯುವುದೇ ಇಲ್ಲ. ಚಿತ್ರದುರ್ಗದವರಿಗೆ ಬಸವೇಶ್ವರ ವೈದ್ಯಕೀಯ ಕಾಲೇಜಿದೆ. ಲೇಸರ್ ಲಭ್ಯತೆ ವಿಚಾರಿಸಿಕೊಳ್ಳಿ. ಅದಿಲ್ಲದಿದ್ದರೂ ಮುಖದ ಕೂದಲಿಗೆ ಕಾರಣ ತಿಳಿಯಲು, ಪ್ಯಾಕೇಜು ಮಾರುವ ಉದ್ದೇಶವಿಲ್ಲದ ಒಂದು ಅಭಿಪ್ರಾಯ ಪಡೆಯಲು ಮೊದಲು ಅಲ್ಲಿಗೆ ಹೋಗುವುದು ಜಾಣತನ. ಬೆಂಗಳೂರಿಗೆ ಹೋಗುವ ಅಗತ್ಯ ನಮಗೆ ಕಾಣುವುದಿಲ್ಲ. ವರ್ಷದೊಳಗೆ ಆರೆಂಟು ಸಲ 260 ಕಿಲೋಮೀಟರು ಓಡಾಡುವಾಗ ಸಿಟ್ಟಿಂಗ್ ತಪ್ಪುತ್ತದೆ, ಬೊಬ್ಬೆ ಎದ್ದರೆ ಮರುದಿನ ತೋರಿಸಲು ಆಗುವುದಿಲ್ಲ. ಚಿತ್ರದುರ್ಗದಿಂದ ದಾವಣಗೆರೆ ಹೆದ್ದಾರಿಯಲ್ಲಿ ಸುಮಾರು 60 ಕಿಲೋಮೀಟರು, ಅಷ್ಟು ಸರಿ.

ಮೊದಲ ಭೇಟಿಯಲ್ಲಿ ಡಾಕ್ಟರು ಕೇಳಬೇಕಾದದ್ದು

ಗದ್ದ, ಕೆನ್ನೆ, ಕುತ್ತಿಗೆಯಲ್ಲಿ ದಪ್ಪ ಕೂದಲು ಬಂದ ಹೆಣ್ಣುಮಕ್ಕಳಿಗೆ ಮುಟ್ಟಿನ ಏರುಪೇರು, ತೂಕ, ಮೊಡವೆ ಬಗ್ಗೆ ಕೇಳದೆ ನೇರ ಲೇಸರ್ ಕೋಣೆಗೆ ಕಳಿಸಿದರೆ ಆ ಕ್ಲಿನಿಕ್ಕು ಸೋತಿತು. ಪಿಸಿಓಡಿ (ಅಂಡಾಶಯಕ್ಕೆ ಸಂಬಂಧಿಸಿದ ಹಾರ್ಮೋನು ತೊಂದರೆ) ಇದ್ದರೆ ಹಾರ್ಮೋನು ಹೊಸ ಕೂದಲನ್ನು ಎಬ್ಬಿಸುತ್ತಲೇ ಇರುತ್ತದೆ. ಲೇಸರ್ ಇದ್ದದ್ದನ್ನು ತೆಗೆಯಬಲ್ಲದು, ಬರುವುದನ್ನು ತಡೆಯಲಾರದು. ಅಂಥವರಿಗೆ ಎಂಟು ಸಿಟ್ಟಿಂಗಿನ ಮೇಲೂ ಕೆಲವು ತಿಂಗಳಿಗೊಮ್ಮೆ ಮುಂದುವರಿಸಬೇಕಾಗುತ್ತದೆ, ಜೊತೆಗೆ ಒಳಗಿನ ಚಿಕಿತ್ಸೆಯೂ ನಡೆಯಬೇಕು.

ಇನ್ನೊಂದು ಪ್ರಶ್ನೆ ಮುಖಕ್ಕೆ ಹಚ್ಚುವ ಕ್ರೀಮಿನದು. ಮೆಡಿಕಲ್ ಶಾಪಿನಲ್ಲಿ ಚೀಟಿಯಿಲ್ಲದೆ ಸಿಗುವ ಬಿಳುಪಿನ ಕ್ರೀಮುಗಳಲ್ಲಿ ಎಷ್ಟೋ ಸ್ಟೀರಾಯ್ಡ್ ಇರುವಂಥವು. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗುತ್ತದೆ, ಕೆಂಪಾಗುತ್ತದೆ, ಮುಖದ ಮೇಲೆ ಕೂದಲೂ ಬರುತ್ತದೆ. ಆ ಕೂದಲಿಗೆಂದು ಲೇಸರಿಗೆ ಬಂದರೆ ತೆಳುವಾದ ಚರ್ಮ ಸುಡುತ್ತದೆ. ಮೊದಲು ಕ್ರೀಮು ಬಿಡಿಸಬೇಕು, ಡಾಕ್ಟರ ಮಾತಿನಂತೆ ಹಂತಹಂತವಾಗಿ. ಮೊಡವೆಗೆ ಕೊಡುವ ಡಾಕ್ಸಿಸೈಕ್ಲಿನ್, ಐಸೊಟ್ರೆಟಿನಾಯಿನ್ ಮಾತ್ರೆ, ತೊನ್ನು, ಕೀಲಾಯ್ಡ್ (ಗಾಯ ಮಾಗಿದ ಜಾಗ ಉಬ್ಬಿ ಬೆಳೆಯುವುದು), ತುಟಿಯಲ್ಲಿ ಸರ್ಪಸುತ್ತಿನ ಜಾತಿಯ ಹುಣ್ಣು ಏಳುವುದು, ಬಸಿರು ಇವನ್ನೂ ಮುಚ್ಚಿಡಬೇಡಿ. ಬಸಿರಿನಲ್ಲಿ ಮುಂದಕ್ಕೆ ಹಾಕುವುದೇ ವಾಡಿಕೆ.

ಟೆಸ್ಟ್ ಪ್ಯಾಚ್ ಬಿಡಬೇಡಿ. ದವಡೆಯ ಅಂಚಿನಂಥ ಮರೆಯ ಜಾಗದಲ್ಲಿ 10, 12, 14 ಜೂಲಿನ ಮೂರು ಹೊಡೆತ, ಕಾಲು ಗಂಟೆ ಕಾದು ಒಮ್ಮೆ, 48 ಗಂಟೆ ಬಿಟ್ಟು ಇನ್ನೊಮ್ಮೆ ನೋಡಬೇಕು. ಕಪ್ಪು ಚರ್ಮದಲ್ಲಿ ಕಲೆ ತಡವಾಗಿ ಮೂಡುವುದರಿಂದ ವಾರ ಕಾದರೆ ಇನ್ನೂ ಒಳ್ಳೆಯದು.

ಹೋಗುವ ಮುಂಚೆ, ಮಂಚದ ಮೇಲೆ

ನಾಲ್ಕು ವಾರ ವ್ಯಾಕ್ಸಿಂಗ್, ಥ್ರೆಡ್ಡಿಂಗ್, ಎಪಿಲೇಟರ್ ಬಿಡಬೇಕು, ಬುಡದಲ್ಲಿ ಕೂದಲೇ ಇಲ್ಲದಿದ್ದರೆ ಬೆಳಕು ಹಿಡಿಯುವುದೇನನ್ನು? ಹಿಂದಿನ ದಿನ ರೇಜರಿನಲ್ಲಿ ನುಣ್ಣಗೆ ತೆಗೆಯಿರಿ. ಕೂದಲು ಹೊರಗೆ ಉದ್ದ ಇದ್ದರೆ ಚರ್ಮದ ಮೇಲೆಯೇ ಸುಟ್ಟು ಬರೆ ಬೀಳುತ್ತದೆ. ಅರಿಶಿಣ ಹಚ್ಚುವವರು ಮೂರು-ನಾಲ್ಕು ದಿನ ಮೊದಲೇ ನಿಲ್ಲಿಸಿ. ಕೈಗೆ ಕಾಲಿಗೆ ಮೆಹಂದಿ ಹಾಕಿದ್ದರೆ ಅದು ಪೂರ್ತಿ ಮಾಸುವವರೆಗೆ ಆ ಜಾಗಕ್ಕೆ ಲೇಸರ್ ಬೇಡ, ಬಣ್ಣವೂ ಬೆಳಕು ಹೀರುತ್ತದೆ. ಮದುವೆಗೆ ತಿಂಗಳಿದೆ ಅಂತ ಶುರುಮಾಡುವವರು ಇದನ್ನು ಲೆಕ್ಕಕ್ಕೆ ಹಿಡಿಯಬೇಕು. ಎಣ್ಣೆ, ವಿಭೂತಿ, ಡಿಯೊಡರೆಂಟ್ ತೊಳೆದು ಹೋಗಿ. ಮಚ್ಚೆ, ಹಚ್ಚೆಗಳ ಮೇಲೆ ಬಿಳಿ ಪ್ಲಾಸ್ಟರು ಹಾಕಿಸಿ. ಮರಗಟ್ಟಿಸುವ ಕ್ರೀಮನ್ನು ಇಡೀ ಕಾಲಿಗೆ ಬಳಿದು ಪ್ಲಾಸ್ಟಿಕ್ ಸುತ್ತಿಕೊಳ್ಳುವುದು ಅಪಾಯ. ಔಷಧಿ ರಕ್ತಕ್ಕೆ ಸೇರಿ ಪ್ರಾಣಕ್ಕೇ ತೊಂದರೆ ಆದ ಉದಾಹರಣೆಗಳಿವೆ.

ಕನ್ನಡಕ ಆ ತರಂಗಾಂತರದ್ದೇ ಆಗಿರಬೇಕು, ನಿಮಗೂ ಅವರಿಗೂ. ಹುಬ್ಬಿನ ಕೆಳಗೆ, ಕಣ್ಣುಗುಳಿಯೊಳಗೆ ಯಾರೇ ಹೊಡೆಯುತ್ತೇನೆಂದರೂ ಒಪ್ಪಬೇಡಿ. ಕನ್ನಡಕ ಇದ್ದರೂ ಕಣ್ಣಿನ ಪಾಪೆಗೆ ಹಾನಿಯಾಗಬಹುದು. ಬಿಕಿನಿ ಜಾಗಕ್ಕಾದರೆ ಮಹಿಳಾ ಸಿಬ್ಬಂದಿ ಇರುತ್ತಾರೋ, ಕೋಣೆಯಲ್ಲಿ ಕ್ಯಾಮೆರಾ ಇದೆಯೋ ಅಂತ ಕೇಳುವುದಕ್ಕೆ ಸಂಕೋಚ ಬೇಡ.

ಹೊಡೆತ ಎಣಿಸಿ. ಒಂದು ಕಂಕುಳು 10×8 ಸೆಂ.ಮೀ. ಅಂದುಕೊಂಡರೆ 80 ಚದರ ಸೆಂ.ಮೀ. ಆಯಿತು, 12×12 ಮಿ.ಮೀ.ನ ಒಂದು ಹೊಡೆತ ಮುಚ್ಚುವುದು 1.44 ಚದರ ಸೆಂ.ಮೀ. ಸ್ವಲ್ಪ ಒಂದರ ಮೇಲೊಂದು ಕೂರಿಸಿದರೆ 60ಕ್ಕೆ ಮೇಲೆ ಬೇಕು. 30ರಲ್ಲಿ ಮುಗಿಸಿದರೆ ಮೂರು ವಾರಕ್ಕೆ ಚೌಕ ಚೌಕವಾಗಿ ಕೂದಲು ಉಳಿದಿರುತ್ತದೆ.

ಸರಿಯಾಗಿ ಬಿದ್ದಿದೆ ಅನ್ನುವುದಕ್ಕೆ ಗುರುತು, ಐದು-ಹತ್ತು ನಿಮಿಷದಲ್ಲಿ ಒಂದೊಂದು ಕೂದಲ ಬುಡದ ಸುತ್ತ ಸಣ್ಣ ಕೆಂಪು ಗುಳ್ಳೆ, ಸುಟ್ಟ ಕೂದಲ ವಾಸನೆ. ಏನೂ ಏಳಲಿಲ್ಲವೆಂದರೆ ಅಂಕಿ ಸಾಲದೇ ಇರಬಹುದು. ಚರ್ಮ ಬೂದು ಅಥವಾ ಬಿಳಿಚಿಕೊಂಡರೆ ಅಲ್ಲಿಗೇ ನಿಲ್ಲಿಸಿ, ಅದು ಸುಟ್ಟ ಲಕ್ಷಣ. ಮನೆಗೆ ಬಂದ ಮೇಲೆ ಎರಡು ದಿನ ಬಿಸಿನೀರು, ಜಿಮ್ಮು, ಡಿಯೊಡರೆಂಟ್ ಬೇಡ, ಎಸ್‌ಪಿಎಫ್ 30ಕ್ಕಿಂತ ಮೇಲಿನ ಸನ್‌ಸ್ಕ್ರೀನ್ ಹಚ್ಚಿ. ಒಂದರಿಂದ ಮೂರು ವಾರದಲ್ಲಿ ಕೂದಲು ಬೆಳೆದಂತೆ ಕಂಡು ಉದುರುತ್ತದೆ. ‘ಮತ್ತೆ ಬಂತು’ ಅಂತ ಕೀಳಬೇಡಿ.

ಕೆಟ್ಟರೆ

ಬೊಬ್ಬೆ ಎದ್ದರೆ ಕೊಳಾಯಿಯ ತಣ್ಣೀರು ಹತ್ತಿಪ್ಪತ್ತು ನಿಮಿಷ. ಐಸು, ಪೇಸ್ಟು, ಅರಿಶಿಣ ಯಾವುದೂ ಬೇಡ. ಫೋಟೊ ತೆಗೆದು ಅವತ್ತೇ ಡಾಕ್ಟರಿಗೆ ತೋರಿಸಿ. ಕಪ್ಪು ಕಲೆ ಉಳಿದರೆ ಬಿಸಿಲು ತಪ್ಪಿಸಿದರೆ ಕೆಲವು ತಿಂಗಳಲ್ಲಿ ಮಾಸುವುದು ಸಾಮಾನ್ಯ, ಬಿಳಿ ಕಲೆಗೆ ಇನ್ನೂ ಹೊತ್ತು ಹಿಡಿಯುತ್ತದೆ. ಇದಕ್ಕಿಂತ ಬೇಸರದ ತೊಂದರೆ ಇನ್ನೊಂದಿದೆ: ಲೇಸರ್ ಹೊಡೆದ ಜಾಗದ ಸುತ್ತ ಹೊಸದಾಗಿ ದಪ್ಪ ಕೂದಲು ಬರುವುದು. ಹೆಚ್ಚಾಗಿ ಕೆನ್ನೆ, ದವಡೆ, ಕುತ್ತಿಗೆಯಲ್ಲಿ, ಅದರಲ್ಲೂ ನಮ್ಮಂಥ ಮೈಬಣ್ಣದ, ಹಾರ್ಮೋನು ತೊಂದರೆಯಿರುವ ಹೆಂಗಸರಲ್ಲಿ. ಬುಡ ಸಾಯುವಷ್ಟಿಲ್ಲದ, ಆದರೆ ಎಬ್ಬಿಸುವಷ್ಟಿರುವ ಶಾಖ ಇದಕ್ಕೊಂದು ಕಾರಣ ಅನ್ನುತ್ತಾರೆ. ಹಾಗಾಗಿ ಕೆನ್ನೆಯ ಎಳೆಯ ನವಿರಿಗೆ ‘ಕಡಿಮೆ ಪವರ್‌ನಲ್ಲಿ ಮಾಡೋಣ’ ಎಂಬ ಸಲಹೆ ಒಪ್ಪಬೇಡಿ. ಗಂಡಸರ ಬೆನ್ನು, ಹೆಗಲಿನಲ್ಲೂ ಇದು ಆಗುತ್ತದೆ.

ಎರಡು ಸಿಟ್ಟಿಂಗುಗಳ ನಡುವಿನ ಅಂತರ ಮುಖಕ್ಕೆ 4ರಿಂದ 6 ವಾರ, ಕಂಕುಳಿಗೆ 6ರಿಂದ 8, ಕೈಕಾಲಿಗೆ 8ರಿಂದ 10 ಅಥವಾ ಹೆಚ್ಚು. ಕೈಕಾಲಿನಲ್ಲಿ ಒಂದು ಹೊತ್ತಿಗೆ ಬೆಳೆಯುವ ಹಂತದಲ್ಲಿರುವ ಕೂದಲು ಕಡಿಮೆ, ಬೇಗ ಬೇಗ ಹೋದರೆ ಖಾಲಿ ಬುಡಕ್ಕೆ ದುಡ್ಡು ಕೊಟ್ಟಂತೆ. ಬಿಸಿಲಿಗೆ ಕೈ ಕಂದಿದ್ದರೆ ಎರಡರಿಂದ ನಾಲ್ಕು ವಾರ ಮುಂದೂಡಿ. ಸ್ಕೂಟಿಯಲ್ಲಿ ಓಡಾಡುವವರು ಕೈಯ ಸಿಟ್ಟಿಂಗುಗಳನ್ನು ಮಳೆಗಾಲದಿಂದ ಮಾಘದವರೆಗೆ ಇಟ್ಟುಕೊಂಡರೆ ಮಾರ್ಚ್-ಏಪ್ರಿಲ್ ಬಿಸಿಲಿನ ತಂಟೆ ಇರುವುದಿಲ್ಲ. ಕಂಕುಳಿಗೆ ಯಾವ ಕಾಲವೂ ಆಗುತ್ತದೆ.

ಮೊದಲ ಎರಡು ಸಿಟ್ಟಿಂಗಿಗೆ ಬಿಡಿಬಿಡಿಯಾಗಿ ಹಣ ಕಟ್ಟಿ, ಫಲ ಕಂಡ ಮೇಲೆ ಪ್ಯಾಕೇಜು. ಜಿಎಸ್‌ಟಿ ಸೇರಿ ಹೇಳಿದ ದರವೋ ಬೇರೆಯೋ, ಪ್ಯಾಕೇಜಿಗೆ ಗಡುವು ಎಷ್ಟು, ಬಸಿರಾದರೆ ನಿಲ್ಲಿಸಿ ಇಡಬಹುದೇ, ಮಧ್ಯದಲ್ಲಿ ಬಿಟ್ಟರೆ ಎಷ್ಟು ವಾಪಸು, ಇವನ್ನೆಲ್ಲ ಬಿಲ್ಲಿನ ಮೇಲೆ ಬರೆಸಿಕೊಳ್ಳಿ. ಪ್ರತಿ ಸಿಟ್ಟಿಂಗಿನ ಕೊನೆಗೆ ತಾರೀಖು, ಯಂತ್ರ, ಸ್ಪಾಟ್, ಜೂಲ್, ಪಲ್ಸ್, ಹೊಡೆತದ ಲೆಕ್ಕ ಒಂದು ಕಾರ್ಡಿನಲ್ಲಿ ಬರೆಸಿ ಸಹಿ ಹಾಕಿಸಿ. ‘ಅದೆಲ್ಲ ನಮ್ಮ ಸಿಸ್ಟಮ್ಮಿನಲ್ಲಿದೆ’ ಅಂದರೆ ಸ್ಕ್ರೀನಿನ ಫೋಟೊ ತೆಗೆದುಕೊಳ್ಳಿ. ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುವ ಹೊತ್ತು ಬಂದರೆ ಬಿಲ್ಲಿನ ಜೊತೆ ಅದೂ ಬೇಕಾಗುತ್ತದೆ. ಅಂಥ ಜಗಳವೇನೂ ಇಲ್ಲದೆ, ಮದುವೆಯಾಗಿ ಹಾವೇರಿಗೋ ಶಿವಮೊಗ್ಗಕ್ಕೋ ಹೋದರೂ ಅಲ್ಲಿನ ಡಾಕ್ಟರು ಆ ಕಾರ್ಡು ನೋಡಿ ಟೆಸ್ಟ್ ಪ್ಯಾಚನ್ನು ಯಾವ ಅಂಕಿಯಿಂದ ಶುರು ಮಾಡಬೇಕೆಂದು ತೀರ್ಮಾನಿಸಬಹುದು.